ಕೇಳಿ ಮಾಡುವ ಕಾಫಿ

ಜರ್ಮನಿಯಿಂದ ವಾಪಸು ಬಂದ ದಿನ ನಮ್ಮ ಅಡುಗೆಮನೆಯಲ್ಲಿ ನನಗೆ ಉಪ್ಪು ಸಿಗಲಿಲ್ಲ. ಒಲೆಯ ಪಕ್ಕದಲ್ಲಿ ಅದರ ಜಾಗದಲ್ಲಿ ರಾಗಿಹಿಟ್ಟಿನ ಡಬ್ಬ ಕೂತಿತ್ತು. ಸಾಸಿವೆ ಡಬ್ಬ ಮೇಲಿನ ಗೂಡಿನಿಂದ ಕೆಳಗಿಳಿದಿತ್ತು. ಕುಕ್ಕರ್ ಎಲ್ಲಿತ್ತೋ ಆ ದೇವರಿಗೇ ಗೊತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಈ ಮನೇಲಿ ಉಪ್ಪು ಎಲ್ಲಿಟ್ಟಿದೀರಪ್ಪಾ?" ಎಂದು ಗಂಡನನ್ನು ಕೇಳಿದೆ. ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಎದ್ದು ಬಂದು ಉಪ್ಪಿನ ಜಾಡಿ ತೆಗೆದುಕೊಟ್ಟು ಹೋದರು.

ನಾನು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರಗಳ ಎಲೆಕ್ಟ್ರಿಕ್ ಪ್ಯಾನೆಲ್‌ಗಳ ವೈರಿಂಗ್ ನೋಡಿಕೊಳ್ಳುತ್ತೇನೆ. ಮಾತ್ರೆ ಪ್ಯಾಕ್ ಮಾಡುವ ಯಂತ್ರಕ್ಕೆಂದು ಜರ್ಮನಿಯ ಒಂದು ಕಾರ್ಖಾನೆಗೆ ನಾವು ಕಳಿಸಿದ್ದ ಪ್ಯಾನೆಲ್‌ಗಳನ್ನು ಅಲ್ಲೇ ಇದ್ದು ಜೋಡಿಸಿಕೊಟ್ಟು ಬಾ ಎಂದು ನಾಲ್ಕು ತಿಂಗಳಿಗೆ ಕಳಿಸಿದ್ದರು. ಮಗಳು ಹತ್ತನೇ ಕ್ಲಾಸು. ಗಂಡನಿಗೆ ನೀರು ಕಾಯಿಸುವುದೂ ಒಂದು ವಿದ್ಯೆ. ಮಹಾಲಕ್ಷ್ಮಿ ಲೇಔಟ್‌ನಲ್ಲಿ ದೊಡ್ಡ ಮಗನ ಮನೆಯಲ್ಲಿದ್ದ ಅತ್ತೆ, "ನೀನ್ ಆರಾಮಾಗಿ ಹೋಗ್ಬಾಮ್ಮ, ನಾನಿರ್ತೀನಿ" ಎಂದು ಒಂದು ಬ್ಯಾಗು ಹಿಡಿದುಕೊಂಡು ಕೆಂಗೇರಿ ಉಪನಗರದ ನಮ್ಮ ಮನೆಗೆ ಬಂದಿದ್ದರು.

ಅಲ್ಲಿ ನನಗೆ ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ ಒಂದು ರೂಮು ಕೊಡಿಸಿದ್ದರು. ಊರು ಚಿಕ್ಕದು, ಚೊಕ್ಕಟ. ಭಾನುವಾರ ಖಾಲಿ ಬಾಟಲಿಯನ್ನು ಕಸದ ಪೆಟ್ಟಿಗೆಗೆ ಹಾಕುವ ಹಾಗಿಲ್ಲ, ಸದ್ದಾಗುತ್ತದೆ. ಕಾರ್ಖಾನೆಯಲ್ಲಿ ಬೆಳಗ್ಗೆ ಬಂದವರು ಪ್ರತಿಯೊಬ್ಬರ ಕೈ ಕುಲುಕಿಯೇ ಕೆಲಸಕ್ಕೆ ಕೂರುತ್ತಿದ್ದರು. ಅದು ನನಗೆ ಬಹಳ ಇಷ್ಟವಾಯಿತು. ಇಷ್ಟವಾಗದ್ದು ಸಂಜೆಯ ಊಟ. ತಣ್ಣನೆಯ ಬ್ರೆಡ್ಡು, ಅದರ ಮೇಲೆ ತಣ್ಣನೆಯ ಚೀಸು. ಮೊದಲ ವಾರವೇ ನಾಲಿಗೆ ಸತ್ತುಹೋಯಿತು. ಒಂದು ಸಂಜೆ ತಡೆಯಲಾರದೆ ಇಂಗು, ಸಾಸಿವೆ ಹಾಕಿ ಒಂದು ಒಗ್ಗರಣೆ ಕೊಟ್ಟೆ. ಮನೆಯೊಡತಿ ಬಂದವಳೇ, ಆ ಚಳಿಯಲ್ಲಿ ಮನೆಯ ಕಿಟಕಿಗಳನ್ನೆಲ್ಲ ತೆರೆದಳು. ಬೈಯಲಿಲ್ಲ, ಪಾಪ. ಇನ್ನು ಮೇಲೆ ಅಡುಗೆ ಮಾಡುವ ಮುಂಚೆ ನನ್ನನ್ನೊಂದು ಮಾತು ಕೇಳು ಎಂದಳು ಅಷ್ಟೆ.

ಅಂದಿನಿಂದ ದಿನವೂ ಅವಳ ಬಾಗಿಲು ತಟ್ಟಿ ಕೇಳುತ್ತಿದ್ದೆ. ಅವಳು ದಿನವೂ ನಗುತ್ತಾ ಹೂಂ ಎನ್ನುತ್ತಿದ್ದಳು. ಒಂದು ದಿನವೂ ಬೇಡವೆಂದವಳಲ್ಲ. ಆದರೂ ಬಾಗಿಲು ತಟ್ಟಲು ಕೈ ಎತ್ತಿದಾಗಲೆಲ್ಲ ನನ್ನ ಬಗ್ಗೆ ನನಗೇ ಅಯ್ಯೋ ಅನ್ನಿಸುತ್ತಿತ್ತು. ಎರಡನೇ ತಿಂಗಳಿಗೆ ಕೇಳುವುದು ಬಿಟ್ಟೆ. ಅಂದರೆ, ಅಡುಗೆ ಮಾಡುವುದನ್ನೇ ಬಿಟ್ಟೆ.

ಊರಿಗೆ ಬಂದ ಮೇಲೆ ಮೈಸೂರು ರಸ್ತೆಯ ಹಾರ್ನ್ ಸದ್ದು ಕಿವಿಗೆ ಹೊಡೆದಂತೆ ಕೇಳುತ್ತಿತ್ತು. ರಸ್ತೆ ದಾಟಲು ಗಾಡಿಗಳು ನಿಲ್ಲಲಿ ಎಂದು ಸಭ್ಯಳಾಗಿ ಕಾಯುತ್ತಾ ನಿಂತೆ. ಯಾರು ನಿಲ್ಲಿಸುತ್ತಾರೆ? ಆಟೊದವನೊಬ್ಬ ತಲೆ ಹೊರಗೆ ಹಾಕಿ, "ಏನಕ್ಕಾ, ಇಲ್ಲೇ ಸೈಟ್ ತಗೊಂಡ್ರಾ?" ಎಂದು ಕೇಳಿ ಹೋದ. ನಗು ಬಂತು. ಇದಕ್ಕೆಲ್ಲ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲ. ಕಷ್ಟವಿದ್ದದ್ದು ಮನೆಯೊಳಗೆ.

ಉಪ್ಪು ಕೇಳಿದ ಮರುದಿನ ನಿದ್ದೆಯ ಹೊತ್ತು ತಪ್ಪಿ ತಡವಾಗಿ ಎದ್ದೆ. ನೋಡಿದರೆ ಅಡುಗೆಮನೆ ನಾನು ಬಿಟ್ಟುಹೋದ ಹಾಗೇ ಇತ್ತು. ಜಾಡಿ, ಡಬ್ಬ, ಕುಕ್ಕರ್ ಎಲ್ಲ ಹಳೆಯ ಜಾಗದಲ್ಲಿ. ನಾಲ್ಕು ತಿಂಗಳು ಅತ್ತೆ ಅಲ್ಲಿ ಅಡುಗೆ ಮಾಡಿದ್ದರು ಎನ್ನುವ ಗುರುತೇ ಇರಲಿಲ್ಲ. ಸುಳ್ಳೇಕೆ, ನನಗೆ ಒಳಗೊಳಗೇ ಖುಷಿಯಾಯಿತು. ಅಷ್ಟರಲ್ಲಿ ಅತ್ತೆ ಬಂದು ಹೊಸ್ತಿಲಾಚೆಯೇ ನಿಂತರು.

"ಒಂಚೂರು ಕಾಫಿ ಮಾಡ್ಕೊಳ್ಲೇನಮ್ಮಾ?"

ಆ ದನಿ ನನಗೆ ಗೊತ್ತಿತ್ತು. ಬಾಗಿಲು ತಟ್ಟುವಾಗ ನನ್ನ ಗಂಟಲಿನಿಂದ ಹೊರಡುತ್ತಿದ್ದ ದನಿ ಅದೇ. "ಅದನ್ಯಾಕತ್ತೆ ಕೇಳ್ತೀರಾ?" ಎಂದೆ. "ಕೇಳ್ಬೇಕಲ್ವಾ, ನಿನ್ ಅಡುಗೆಮನೆ" ಎಂದರು. ಕೊಂಕಿಲ್ಲದೆ, ನಿಜಕ್ಕೂ ಹಾಗೆಯೇ ಅಂದುಕೊಂಡು ಹೇಳಿದರು.

ಸಂಜೆ ಮಗಳು ಹೇಳಿದಳು. ಅಜ್ಜಿ ದಿನಾ ಬೆಳಗ್ಗೆ ಹಾಡಿಕೊಂಡು ಮುದ್ದೆ ತಿರುವುತ್ತಿದ್ದರಂತೆ, ಪಕ್ಕದ ಮನೆಯವರು ಬಸ್ಸಾರು ಕೇಳಿಕೊಂಡು ಬರುತ್ತಿದ್ದರಂತೆ. ಮಹಾಲಕ್ಷ್ಮಿ ಲೇಔಟ್‌ನ ಭಾವನ ಮನೆಯಲ್ಲಿ ಅಡುಗೆಗೆ ಆಳಿದ್ದಾಳೆ. ಓರಗಿತ್ತಿ ಕೆಟ್ಟವಳಲ್ಲ. "ನೀವ್ಯಾಕತ್ತೆ ಕಷ್ಟ ಪಡ್ತೀರಾ, ಕೂತ್ಕೊಳಿ" ಎಂದು ಕೈಗೆ ರಿಮೋಟ್ ಕೊಡುತ್ತಾಳೆ. ಅತ್ತೆ ಅಲ್ಲಿ ಕೂತಿರುತ್ತಾರೆ. ಈಗ ಮತ್ತೆ ಅಲ್ಲಿಗೆ ಹೋಗಿ ಕೂರಬೇಕು. ಅವರ ಬ್ಯಾಗು ಆಗಲೇ ತುಂಬಿಟ್ಟಾಗಿತ್ತು. ಇರಿ ಎಂದು ನಾನು ಹೇಳಲಿಲ್ಲ. ನಾನು ಬಂದ ಮೇಲೆ ಅವರಿಗೆ ಇಲ್ಲಿ ಏನು ಕೆಲಸ, ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ಎಷ್ಟು ದಿನ ನಿಂತಾರು ಎಂದೆಲ್ಲ ಯೋಚನೆ. ಗಂಡನನ್ನು ಕೇಳಿದರೆ, "ನೀವಿಬ್ರೂ ಹೆಂಗಂತೀರೋ ಹಂಗೆ" ಎಂದು ಪೇಪರಿನ ಹಿಂದೆ ಸೇರಿಕೊಂಡರು. ಮಹಾ ಜಾಣ.

ಶುಕ್ರವಾರ ಬೆಳಗ್ಗೆ ಭಾವ ಬಂದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಅಮ್ಮಾ, ಬೇಗ ಹೊರಡು, ಆಫೀಸಿಗೆ ಲೇಟಾಗುತ್ತೆ" ಎಂದರು. ಅತ್ತೆ ಬ್ಯಾಗು ಎತ್ತಿಕೊಂಡೇಬಿಟ್ಟರು.

ನಮ್ಮಲ್ಲಿ ಮಂಗಳವಾರ, ಶುಕ್ರವಾರ ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ಲಕ್ಷ್ಮಿ ಹೊರಟುಹೋದ ಹಾಗೆ ಎನ್ನುತ್ತಾರೆ. ಓರಗಿತ್ತಿಯನ್ನು ತವರಿನಿಂದ ಕರೆತರಲು ಈ ಭಾವ ಒಂದು ಶುಕ್ರವಾರವಾದರೂ ಹೋಗಿದ್ದುಂಟೇ? ಹಿಂದೆ ಒಟ್ಟಿಗಿದ್ದಾಗ ನಾನು ತವರಿಗೆ ಹೊರಟರೆ ಎಷ್ಟೋ ಸಲ ಬಾಗಿಲಿಗೆ ಅಡ್ಡ ನಿಂತು ಬ್ಯಾಗು ಒಳಗಿಡಿಸಿದವರು ಇದೇ ಅತ್ತೆ. ಈಗ ಅವರನ್ನು ಕರೆದೊಯ್ಯಲು ಮಗ ಬಂದಾಗ ಇದು ಯಾವ ವಾರ ಎಂದು ಯಾರಿಗೂ ನೆನಪಾಗಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವ, ಇವತ್ತು ಶುಕ್ರವಾರ. ಮನೆ ಹೆಣ್ಣುಮಕ್ಕಳನ್ನ ಕಳಿಸಲ್ಲ" ಎಂದೆ.

ಭಾವ ಕಕ್ಕಾಬಿಕ್ಕಿಯಾದರು. "ಅಮ್ಮಂಗೇನಮ್ಮ ಅದೆಲ್ಲ?"

ಅತ್ತೆಯೂ ಮೆಲ್ಲಗೆ, "ಅದು ಮುತ್ತೈದೇರಿಗೆ ಕಣಮ್ಮ. ನಂಗ್ಯಾವ ಶುಕ್ರವಾರ, ಬಿಡು" ಎಂದರು.

"ಯಾರಿಗಾದ್ರೂ ಇರ್ಲಿ ಅತ್ತೆ. ನನ್ ಮನೆಯಿಂದ ನಿಮ್ಮನ್ನ ಕಳಿಸಲ್ಲ. ಇವತ್ತೂ ಇಲ್ಲ, ನಾಳೇನೂ ಇಲ್ಲ. ನಿಮಗೆ ಹೋಗ್ಬೇಕು ಅನ್ಸಿದ್ರೆ ಮಾತ್ರ ಹೋಗಿ." ಬಾಯಿಯಿಂದ ಬಂದ ಮೇಲೆ ನನಗೇ ಗೊತ್ತಾಯಿತು, ಅವರು ಇರಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದು.

ಅತ್ತೆ ಬ್ಯಾಗನ್ನು ಕೆಳಗಿಟ್ಟರು. ಸೆರಗಿನ ತುದಿ ಕಣ್ಣಿಗೊತ್ತಿಕೊಂಡರು.

"ನಿಮ್ಮಾವ ಹೋದ್ಮೇಲೆ, ಶುಕ್ರವಾರ ಅಂತ ನನ್ನ ಯಾರೂ ತಡೆದಿರ್ಲಿಲ್ಲ ಕಣಮ್ಮ" ಎಂದರು. ಆಮೇಲೆ ಮಗನ ಕಡೆ ತಿರುಗಿ, "ನೀನ್ ಹೊರಡಪ್ಪ, ಲೇಟಾಗುತ್ತೆ ನಿಂಗೆ" ಎಂದರು.