ಕವಳ ಹಾಕಿ ಕೊಟ್ಟ ಅಳತೆ

ಅಟ್ಟದಿಂದ ಇಳಿಸಿದ ಚೀಲದ ಗಂಟು ಬಿಚ್ಚಿದ ಕೂಡಲೇ ಕರ್ಪೂರದ ವಾಸನೆ ಬಂತು. ಆಮೇಲೆ ಹೆಲ್ಮೆಟ್ ಕಂಡಿತು, ಗಿಳಿಹಸಿರು ಬಣ್ಣದ್ದು. ಅಕ್ಕನ ಮಗಳಿಗೆ ಹೊನ್ನಾವರದಲ್ಲಿ ಕೆಲಸ ಸಿಕ್ಕಿದೆ. ಹೋಗಿಬರಲು ಹಳೆಯದೊಂದು ಬೈಕ್ ಕೊಂಡಿದ್ದಾಳೆ. ಕಡಿಮೆ ಖರ್ಚಿನಲ್ಲಿ ಹೆಲ್ಮೆಟ್ಟು, ಗ್ಲೌಸು ಯಾವುದು ಒಳ್ಳೆಯದು ಎಂದು ವಾರದಿಂದ ಮೊಬೈಲ್ ನೋಡುತ್ತಿದ್ದವಳು, ಅಟ್ಟ ಹತ್ತಿ ಇದನ್ನು ಹುಡುಕಿ ತಂದಿದ್ದಳು.

“ಮಾವ, ಇದು ಚಲೋನೇ ಇದೆಯಲ. ಹೊಸದು ಎಂತಕ್ಕೆ?”

ಅದು ನನ್ನದಲ್ಲ. ಕುಮಟೆಯ ಕೊರಿಯರ್ ಆಫೀಸಿನಲ್ಲಿ ನಾನು ಕೆಲಸಕ್ಕೆ ಸೇರಿದ ದಿನವೇ ಸೇರಿದ ಹಿರೇಗುತ್ತಿಯ ಹುಡುಗನದು. ಇಬ್ಬರಿಗೂ ಲೈಸೆನ್ಸ್ ಬಂದು ತಿಂಗಳಾಗಿರಲಿಲ್ಲ. ಬೈಕೂ ನಮ್ಮದೇ, ಹೆಲ್ಮೆಟ್ಟೂ ನಮ್ಮದೇ ಆಗಬೇಕೆಂದು ಆಫೀಸಿನವರು ಹೇಳಿದ್ದರು. ಹೊನ್ನಾವರದ ಅಂಗಡಿಗೆ ಒಟ್ಟಿಗೇ ಹೋದೆವು. ಅವತ್ತು ಮಳೆ ಬರುತ್ತಿತ್ತು ಎಂದು ಬರೆಯಹೊರಟಿದ್ದೆ. ಮಳೆ ಇರಲಿಲ್ಲ. ನನ್ನ ನೆನಪಿಗೆ ಎಲ್ಲದಕ್ಕೂ ಮಳೆ ಸೇರಿಸುವ ಚಾಳಿ.

ಅಂಗಡಿಯವರು ಅವನ ತಲೆಗೆ ಟೇಪು ಹಿಡಿದು ಅಳೆದರು. “ತಮಾ, ಕೆನ್ನೆ ಒತ್ತಬೇಕು. ಬೆಲ್ಟ್ ಹಾಕಿ ತಲೆ ಅಲ್ಲಾಡ್ಸು. ತಲೆ ಒಟ್ಟಿಗೇ ಅದೂ ತಿರುಗಬೇಕು.” ಬಣ್ಣ ಯಾರಿಗೂ ಬೇಡವಾಗಿ ಮೂಲೆ ಸೇರಿದ್ದ ಹಸಿರು ಹೆಲ್ಮೆಟ್ಟನ್ನು ಇಳಿಸಿ, ಐಎಸ್ಐ ಗುರುತು ತೋರಿಸಿ, ಕಡಿಮೆಗೆ ಕೊಟ್ಟರು. “ಒಂದೇ ಒಂದ್ ಮಾತು. ಕೈ ಜಾರಿ ಬಿದ್ರೂ ಮತ್ತೆ ಹಾಕೂಕಾಗೂದಿಲ್ಲ. ಹೊರಗೆ ಎಂತ ಕಾಣೂದಿಲ್ಲ, ಒಳಗಿನ ಥರ್ಮಾಕೋಲ್ ಒಂದೇ ಪೆಟ್ಟು ತಡಿಯೂಕೆ ಇರೂದು.”

ಆ ಮಾತನ್ನು ಇಬ್ಬರೂ ಕೇಳಿದೆವು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ನನ್ನ ಸರದಿ ಬಂದಾಗ ಬಾಯಲ್ಲಿ ಕವಳವಿತ್ತು. ಎಲೆ, ಅಡಿಕೆ, ಹೊಗೆಸೊಪ್ಪು ಎಲ್ಲ ಎಡಗೆನ್ನೆಯಲ್ಲಿ. ನನ್ನ ಅಳತೆಯ ಹೆಲ್ಮೆಟ್ ಕೆನ್ನೆ ಹಿಂಡಿತು. ಒಂದು ಸೈಜ್ ದೊಡ್ಡದು ಕೇಳಿದೆ, ಕಪ್ಪು, ಹೊಳೆಯುವಂಥದ್ದು. ಬರುವಾಗ ಹಳದೀಪುರದ ಹತ್ತಿರ ಬೈಕ್ ನಿಲ್ಲಿಸಿ ಉಗಿದೆ. ಮತ್ತೆ ಹಾಕಿಕೊಂಡು ಬಲಕ್ಕೆ ನೋಡಿದರೆ ತಲೆ ಮಾತ್ರ ತಿರುಗಿತು, ಹೆಲ್ಮೆಟ್ ಮುಂದಕ್ಕೇ ನೋಡುತ್ತಿತ್ತು. ಅವನು ಬೈಕಿನ ಮೇಲೆ ಬಗ್ಗಿ ನಕ್ಕ.

“ಕವಳ ಹಾಕ್ಕಂಡು ತಲೆ ಅಳತೆ ಕೊಟ್ಟವ ನೀನೊಬ್ನೇ ಮಾರಾಯ. ಇನ್ನು ಡ್ಯೂಟಿ ಇದ್ದಾಗೆಲ್ಲ ಕವಳ ಹಾಕ್ಕಂಡೇ ಬಾ. ಸೇಫ್ಟಿ.”

ನಗು ಮುಗಿಸಿ, ಈಗಲೇ ತಿರುಗಿ ಹೋಗಿ ಬದಲಿಸೋಣ ಅಂದ. ನಾನು ಒಲ್ಲೆ ಅಂದೆ. ಮಾರನೆಯ ದಿನ ಆಫೀಸಿಗೆಲ್ಲ ಸುದ್ದಿ ಗೊತ್ತಿತ್ತು.

ಅವನು ಮಾಡಿದ್ದೆಲ್ಲ ಸರಿ ಇರುತ್ತಿತ್ತು, ನನಗೆ ಉರಿಯುತ್ತಿದ್ದದ್ದು ಅದಕ್ಕೇ. ದುಡ್ಡು ಮೊದಲು ತಲೆಗೆ, ಆಮೇಲೆ ಕೈಗೆ, ಬಿದ್ದವನು ಮೊದಲು ಊರುವುದು ಕೈ ಎಂದು ಹೇಳಿ ಗ್ಲೌಸು ಕೊಂಡ. ಪಾದದ ಗಂಟು ಮುಚ್ಚುವ ಬೂಟನ್ನು ಸಂತೆಯಲ್ಲಿ ಹುಡುಕಿದ. ಹಳೆಯ ಜೀನ್ಸ್ ಜಾಕೆಟ್ಟಿನ ಮೊಣಕೈಗೆ ಅವನ ಅಮ್ಮ ಸೀಟಿನ ಸ್ಪಂಜು ಇಟ್ಟು ಹೊಲಿದಿದ್ದರು. ಅವನ ಸಂಬಳವೂ ನನ್ನಷ್ಟೇ. ಆದರೂ ಅವನು ಬೈಕ್ ಹತ್ತಿದರೆ ಎಲ್ಲಿಗೋ ದೂರ ಹೊರಟವನ ಹಾಗೆ ಕಾಣುತ್ತಿದ್ದ. ನಾನು ಹತ್ತಿದರೆ ತಲೆಯ ಮೇಲೆ ಕೊಡಪಾನ ಮಗುಚಿಕೊಂಡವನ ಹಾಗೆ...

ಒಂದು ಮಧ್ಯಾಹ್ನ, ಅವನು ಊಟಕ್ಕೆ ಹೋಗಿದ್ದಾಗ, ಆಫೀಸಿನ ಮೆಟ್ಟಿಲ ತುದಿಯಲ್ಲಿ ಅವನ ಹೆಲ್ಮೆಟ್ ಇತ್ತು. ನನ್ನ ಮೊಣಕೈ ತಾಗಿ ಬಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಲ್ಲ. ಎತ್ತಿಕೊಂಡೆ. ಹಾಕಿಕೊಂಡೆ. ನನ್ನ ತಲೆಗೇ ಮಾಡಿಸಿದಷ್ಟು ಸರಿಯಾಗಿ ಕೂತಿತು. ತೆಗೆದೆ, ಕೈ ಬಿಟ್ಟೆ. ಎಸೆಯಲಿಲ್ಲ, ಕೈ ಬಿಟ್ಟೆ ಅಷ್ಟೆ... ಈ ಎರಡರ ನಡುವೆ ವ್ಯತ್ಯಾಸವಿದೆ ಎಂದು ಈಗಲೂ ಸಾಧಿಸಲು ಹೊರಡುತ್ತೇನೆ. ಹೆಲ್ಮೆಟ್ ಮೆಟ್ಟಿಲು ಮೆಟ್ಟಿಲಿಗೂ ಬಡಿಯುತ್ತ ಕೆಳಗಿನ ಸಿಮೆಂಟಿಗೆ ಹೋಗಿ ನಿಂತಿತು. ಹಿಂಭಾಗದಲ್ಲಿ ಉಗುರಿನಷ್ಟು ಗೀರು. ಒರೆಸಿ, ಮೊದಲಿದ್ದಲ್ಲೇ ಇಟ್ಟೆ.

ಅವನು ಅದನ್ನೇ ಹಾಕಿಕೊಂಡು ಓಡಾಡಿದ, ದಿನವೂ, ಹೆದ್ದಾರಿಯಲ್ಲಿ, ಬಸ್ಸು ಲಾರಿಗಳ ಪಕ್ಕದಲ್ಲಿ. ನಾನು ಹಿಂದೆ ಬರುತ್ತ ಆ ಗೀರನ್ನೇ ನೋಡುತ್ತಿದ್ದೆ. ಇವತ್ತು ಹೇಳಬೇಕು, ಇವತ್ತು. ಒಮ್ಮೆ ಬಸ್ ಸ್ಟಾಪಿನ ನೆರಳಿನಲ್ಲಿ ನಿಂತಿದ್ದಾಗ ಬಾಯಿ ತೆರೆದೆ.

“ನಿನ್ನ ಹೆಲ್ಮೆಟ್ಟು...”

“ಎಂತ, ಬೇಕಾ? ನಿಂಗೆ ಸರಿ ಕೂರ್ತದೆ. ಹಾಕ್ಕಂಡದ್ದು ನೋಡಿದ್ದೆ ನಾನು.”

ಅವನು ನಗುತ್ತಿದ್ದ. ನಗುತ್ತಿದ್ದ ಎಂದೇ ನೆನಪು. ಹಾಕಿಕೊಂಡದ್ದು ಮಾತ್ರ ನೋಡಿದ್ದನೋ, ಆಮೇಲಿನದೂ ನೋಡಿದ್ದನೋ, ನಾನು ಕೇಳಲಿಲ್ಲ.

ಮರುವರ್ಷ ಅವನು ತೀರಿಕೊಂಡ. ಇದು ಕಟ್ಟಿದ ಕಥೆಯಾಗಿದ್ದರೆ ಅವನು ರಸ್ತೆಯಲ್ಲಿ ಬೀಳಬೇಕಿತ್ತು. ಅವನಿಗೆ ಬಂದದ್ದು ಇಲಿಜ್ವರ. ವಾರದೊಳಗೆ ಎಲ್ಲ ಮುಗಿಯಿತು. ಆಫೀಸಿನಲ್ಲಿ ಸುದ್ದಿ ಕೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, “ಎಂತರಿಂದ?” ಜ್ವರ ಅಂದರು. ನನಗೆ ಹಗುರವಾಯಿತು. ಅಳು ಆಮೇಲೆ ಬಂತು, ಮೊದಲು ಬಂದದ್ದು ಅದು.

ಹಿರೇಗುತ್ತಿಗೆ ಹೋದಾಗ ಅವನ ಅಮ್ಮ ಈ ಚೀಲವನ್ನು ನನ್ನ ಕೈಗಿಟ್ಟರು. “ನಿಂಗೇ ಕೊಡೂಕೆ ಹೇಳಿದ್ದ ತಮಾ. ನಿಂದು ತಲೆಗೆ ದೊಡ್ಡ ಆಗ್ತದಂತಲ.” ಜ್ವರದಲ್ಲೂ ಅವನು ನನ್ನ ತಲೆಯ ಅಳತೆ ನೆನಪಿಟ್ಟಿದ್ದ. ಅವತ್ತೂ ಹೊಟ್ಟೆ ಉರಿಯಿತು. ಕೊಡುವವನಾಗಿಯೇ ಹೋಗಿಬಿಟ್ಟನಲ್ಲ ಎಂದು. ಈ ಉರಿ ಇನ್ನೂ ಪೂರ್ತಿ ಆರಿಲ್ಲ.

ಅಕ್ಕನ ಮಗಳು ಅಷ್ಟರಲ್ಲಿ ಅದನ್ನು ಹಾಕಿಕೊಂಡು, ಬೆಲ್ಟ್ ಬಿಗಿದು, ತಲೆ ಅಲ್ಲಾಡಿಸಿ ನೋಡುತ್ತಿದ್ದಳು. “ಇದೇ ಸಾಕು ಮಾವ. ಉಳಿದ ದುಡ್ಡಿಗೆ ಗ್ಲೌಸ್, ಬೂಟು ಆತು.”

“ಅದನ್ನ ತೆಗಿ. ಬಿದ್ದದ್ದು ಅದು.”

“ಎಲ್ಲೂ ಒಡೀಲಿಲ್ಲಲ?”

“ಹೊರಗೆ ಕಾಣೂದಿಲ್ಲ.”

“ಯಾರು ಬೀಳ್ಸಿದ್ದು?”

ಹೇಳಿದೆ. ಕವಳ, ಮೆಟ್ಟಿಲು, ಗೀರು, ಬಸ್ ಸ್ಟಾಪು, ಎಲ್ಲ. ಮೊಣಕೈ ತಾಗಿತು ಎನ್ನಲಿಲ್ಲ. ಅವಳು ನಿಧಾನಕ್ಕೆ ಹೆಲ್ಮೆಟ್ ತೆಗೆದು ನನ್ನ ಮುಂದಿಟ್ಟಳು. “ನಾಳೆ ಹೊನ್ನಾವರಕ್ಕೆ ಹೋಗ್ವ. ನೀ ಕವಳ ಹಾಕ್ಬೇಡ” ಅಂದಳು.

ಬೇರೆ ಯಾರೂ ಹಾಕಿಕೊಳ್ಳದಂತೆ ಬೆಲ್ಟ್ ಕತ್ತರಿಸಿಡಬೇಕೆಂದು ಕತ್ತರಿ ತಂದೆ. ಕತ್ತರಿಸುವ ಮೊದಲು ಒಮ್ಮೆ ತಲೆಗೆ ಹಾಕಿಕೊಂಡೆ. ಕರ್ಪೂರದ ವಾಸನೆ ಮಾತ್ರ ಇತ್ತು, ಅವನದು ಏನೂ ಇರಲಿಲ್ಲ. ಎರಡೂ ಕೆನ್ನೆ ಒತ್ತಿತು. ಬಲಕ್ಕೆ ತಿರುಗಿದೆ, ಎಡಕ್ಕೆ ತಿರುಗಿದೆ. ತಲೆಯ ಜೊತೆಗೇ ತಿರುಗಿತು.