ದಿಂಬಿಲ್ಲದ ತೊಟ್ಟಿಲು

ಮೊನ್ನೆ ಭಾನುವಾರ ಜಾವಗಲ್ಲಿನಲ್ಲಿ ನನ್ನ ತಂಗಿ ಸುಮಳ ಮಗಳಿಗೆ ತೊಟ್ಟಿಲು ಶಾಸ್ತ್ರ. ಅರಸೀಕೆರೆಯಿಂದ ಬಸ್ಸು ಹತ್ತಿದ ನಾನು ದಾರಿಯುದ್ದಕ್ಕೂ ಹತ್ತಿಯ ಪುಟ್ಟ ಅಂಗಿಗಳನ್ನು ಬಿಚ್ಚಿ ನೋಡುತ್ತ, ಮತ್ತೆ ಮಡಚುತ್ತ, ಪಕ್ಕದ ಸೀಟಿನವರು ನಗುವಷ್ಟು ಚಡಪಡಿಸುತ್ತಿದ್ದೆ. ಈ ಸಡಗರ ನಿಮಗೆ ಅರ್ಥವಾಗಬೇಕಾದರೆ ಹಿಂದಿನ ದುಃಖವನ್ನೂ ಹೇಳಬೇಕು.

ಸುಮಳ ಮೊದಲ ಕೂಸು, ಮೂರು ತಿಂಗಳ ಗಂಡು, ಒಂದು ಮಧ್ಯಾಹ್ನ ಹಾಲು ಕುಡಿದು ಮಲಗಿದ್ದು ಏಳಲೇ ಇಲ್ಲ. ಜ್ವರವಿರಲಿಲ್ಲ, ಅಳುವಿರಲಿಲ್ಲ; ಮರಣೋತ್ತರ ಪರೀಕ್ಷೆಯಲ್ಲೂ ಕಾರಣ ಸಿಗಲಿಲ್ಲ. ಕಾರಣವಿಲ್ಲದ ಸಾವನ್ನು ಊರು ಸಹಿಸುವುದಿಲ್ಲ. ದೃಷ್ಟಿ ತಾಗಿತು, ಲಸಿಕೆ ಆಗಿಬರಲಿಲ್ಲ, ಹಾಲು ನೆತ್ತಿಗೇರಿತು ಎಂದೆಲ್ಲ ಆಡಿ, ಕೊನೆಗೆ ತಾಯಿಯ ಮೈಮರೆವಿಗೇ ತಂದು ನಿಲ್ಲಿಸಿತು. ಅವಳ ಅತ್ತೆ ಗಂಗಮ್ಮನವರೂ ಅದನ್ನೇ ನಂಬಿದರು. ಬೈಯಲಿಲ್ಲ, ಸೊಸೆಯೊಡನೆ ಮಾತು ಬಿಟ್ಟರು.

ಎರಡನೆಯ ಬಸುರಿನಲ್ಲಿ ಮಕ್ಕಳ ಡಾಕ್ಟರ ಬಳಿಗೆ ಅತ್ತೆಯನ್ನೂ ಕರೆದೊಯ್ದೆವು. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು: ಇಂಥ ಹಠಾತ್ ಸಾವು ತಾಯಿಯ ತಪ್ಪಲ್ಲ, ಲಸಿಕೆಯಿಂದಲೂ ಅಲ್ಲ, ಏಕೆಂದು ವೈದ್ಯರಿಗೂ ಪೂರಾ ಗೊತ್ತಿಲ್ಲ, ಆದರೆ ಅಪಾಯ ತಗ್ಗಿಸಬಹುದು. ಕೂಸನ್ನು ಅಂಗಾತ ಮಲಗಿಸಿ; ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ; ದಿಂಬು ಬೇಡ, ಹೊಗೆ ಬೇಡ; ತಾಯಿಯ ಕೋಣೆಯಲ್ಲೇ ಬೇರೆ ಹಾಸಿಗೆಯಿರಲಿ. ಅಂಗಾತ ಮಲಗಿದರೆ ಹಾಲು ಗಂಟಲಿಗೆ ಸಿಕ್ಕೀತೆಂದು ಗಂಗಮ್ಮ ಅಂಜಿದಾಗ, ಆರೋಗ್ಯವಾಗಿರುವ ಕೂಸು ಕಕ್ಕಿದ್ದನ್ನು ತಾನೇ ನುಂಗಿಕೊಳ್ಳುತ್ತದೆ ಎಂದರು. ‘ಗೊತ್ತಿಲ್ಲ’ ಎಂಬ ಮಾತಿನಲ್ಲಿ ಎಷ್ಟು ಕರುಣೆಯಿದೆಯೆಂದು ನನಗೆ ಅಂದು ಹೊಳೆಯಿತು. ಕಾರಣ ತಿಳಿಯದ ಕಡೆ ಅಪರಾಧಿಯನ್ನು ಹುಡುಕದಿರುವುದೂ ಒಂದು ವಿದ್ಯೆ. ಗಂಗಮ್ಮ ಮಾತ್ರ ಊರು ಮುಟ್ಟುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದರು.

ಶಾಸ್ತ್ರದ ದಿನ ಮನೆ ತುಂಬ ನೆಂಟರು, ನಗು, ಹೋಳಿಗೆಯ ಘಮ. ಹಾಡು ಮುಗಿಯುತ್ತಲೇ ಹಿರಿಯ ಅಜ್ಜಿಯೊಬ್ಬರು, ತಲೆ ದುಂಡಗಾಗಲೆಂದು, ತಲೆಯಡಿ ಸಾಸಿವೆ ದಿಂಬು ಇಟ್ಟು ಕೂಸನ್ನು ಬೋರಲು ಮಲಗಿಸಿದರು. ಸುಮ ಬಿಳಿಚಿಕೊಂಡಳು. ತೊಟ್ಟಿಲ ಕಡೆಗೆ ಒಂದು ಹೆಜ್ಜೆಯಿಟ್ಟವಳು ಹಿರಿಯರ ಮುಂದೆ ಅಲ್ಲೇ ನಿಂತಳು.

ಗಂಗಮ್ಮ ಎದ್ದು ಬಂದರು. ದಿಂಬು ತೆಗೆದು, ಕೂಸನ್ನು ಅಂಗಾತ ಮಲಗಿಸಿ, ಸೆರಗು ಸರಿಮಾಡಿಕೊಂಡರು.

“ನನ್ ಮಮ್ಮಗ್ಳು ಹಿಂಗೇ ಮಲಗೋದು. ಇನ್ನೊಂದ್ ಮಾತೈತೆ, ಎಲ್ರೂ ಕೇಳಿಸ್ಕಳಿ. ಹೋದ್ ಕೂಸು ನನ್ ಸೊಸೆ ತಪ್ಪಿಂದ ಹೋಗಿದ್ದಲ್ಲ. ಹಂಗಂದ್ಕಂಡಿದ್ದು ನನ್ ತಪ್ಪು.”

ಸಂತೋಷಕ್ಕೆ ನನ್ನೆದೆ ಡೋಲಿನಂತೆ ಬಡಿದುಕೊಳ್ಳುತ್ತಿತ್ತು. ಗಂಗಮ್ಮ ಸೊಸೆಯತ್ತ ತಿರುಗಿದರು.

“ಸುಮಾ, ನೀನು ಉಣ್ಣೋಗವ್ವ. ಕೂಸ್‌ ತಾವ ನಾನಿರ್ತೀನಿ.”

ಸುಮ ಕಣ್ಣೊರೆಸಿಕೊಂಡು ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಳು. ತೊಟ್ಟಿಲ ಕಡೆಗೆ ಒಮ್ಮೆಯೂ ತಿರುಗಿ ನೋಡದೆ, ಹೋಳಿಗೆಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು.