ಅಜಾನ್‌ವರೆಗೆ ಕೊಟ್ಟ ಮಾತು

ನಾನು ಐದನೆಯ ತರಗತಿಯಲ್ಲಿದ್ದ ವರ್ಷ, ಜೂನ್ ತಿಂಗಳ ಎರಡನೆಯ ಸೋಮವಾರ, ಗಡಿಯಾಚೆ ತೆಲುಗು ಸೀಮೆಯ ಮಕ್ತಲ್‌ನಲ್ಲಿರುವ ನಮ್ಮ ಕನ್ನಡ ಶಾಲೆಯ ಎಂಟನೆಯ ತರಗತಿ ಮುಚ್ಚಬಾರದೆಂದು ಮೂವತ್ತು ಜನ ತಾಯಂದಿರು ಮತ್ತು ನನ್ನ ಅಬ್ಬಾ ರಾಯಚೂರು ರಸ್ತೆಯ ಬದಿಗೆ ಧರಣಿ ಕುಳಿತರು. ಅಬ್ಬಾ ಓಣಿಯ ಮಸೀದಿಯಲ್ಲಿ ಅಜಾನ್ ಕೂಗುವವರು. ಅಕ್ಕ ಜರೀನಾ ಏಳನೆಯ ತರಗತಿ ಮುಗಿಸಿದ್ದಳು. ಆ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಓದಿಗೆಂದು ಬೇರೆ ಊರಿಗೆ ಕಳಿಸುವ ರೂಢಿ ನಮ್ಮಲ್ಲಿರಲಿಲ್ಲ.

ಹಿಂದಿನ ದಿನ ಅಬ್ಬಾ ಮೌಲ್ವಿ ಸಾಹೇಬರನ್ನು ಕೇಳಿ ಬಂದಿದ್ದರು. ಹಕ್ಕು ಕೇಳುವುದು ತಪ್ಪಲ್ಲ, ದಾರಿಹೋಕರಿಗೆ ತೊಂದರೆ ಕೊಡುವುದು ತಪ್ಪು, ಕೊಟ್ಟ ಮಾತು ಮುರಿಯುವುದು ಇನ್ನೂ ದೊಡ್ಡ ತಪ್ಪು ಎಂದಿದ್ದರು ಅವರು. ಹಾಗಾಗಿ ರಸ್ತೆ ಬಿಟ್ಟು ಬೇವಿನ ಮರದ ಕೆಳಗೆ ಕೂರುವುದೆಂದಾಯಿತು. ಮಧ್ಯಾಹ್ನದ ಅಜಾನಿಗೆ ಎದ್ದು ಹೋಗುತ್ತೇವೆಂದು ಅಬ್ಬಾ ಠಾಣೆಯ ಎಸ್‌ಐಗೆ ಬರೆದುಕೊಟ್ಟರು.

ನಮಗೆ ಮಕ್ಕಳಿಗೆ ಅದು ಹಬ್ಬ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಗಂಟುಗಳು ಬಿಚ್ಚಿಕೊಂಡಿದ್ದವು. ಕಾದ ಡಾಂಬರಿನ ವಾಸನೆಯಲ್ಲಿ ಬೆಳ್ಳುಳ್ಳಿ ಘಮ ಬೆರೆತಿತ್ತು. ನಾನೂ ಮಲ್ಲಮ್ಮನ ಮಗಳು ಬೀರವ್ವನೂ ಮಣ್ಣಿನಲ್ಲಿ ಗೆರೆ ಎಳೆದು ಹುಣಸೆ ಬೀಜದಲ್ಲಿ ಚೌಕಾಬಾರ ಆಡಿದೆವು. ಮಲ್ಲಮ್ಮ ಕುರಿ ಕಾಯುವ ಮನೆಯವಳು, ದೊಡ್ಡ ಗಂಟಲು.

"ರಸ್ತಾ ಬಿಟ್ಟು ಕುಂತ್ರ ಯಾರ್ ನೋಡ್ತಾರ್ರಿ? ಲಗ್ನದ ಊಟಕ್ಕ ಕುಂತಾರ ಅನ್ಕೊಂತಾರ!" ಎಂದು ಎಲ್ಲರನ್ನೂ ನಗಿಸಿದಳು.

ಧರಣಿ ನೋಡಲು ಶಿಕ್ಷಣಾಧಿಕಾರಿಯ ಜೀಪು ಮುಕ್ಕಾಲು ತಾಸು ದೂರದ ನಾರಾಯಣಪೇಟೆ ಬಿಟ್ಟಿದೆ ಎಂಬ ಸುದ್ದಿ ಬಂದಾಗ ಅಜಾನಿಗೆ ಹತ್ತು ನಿಮಿಷ ಉಳಿದಿತ್ತು.

"ಸಾಬ್ರೆ, ಇವತ್ತೊಂದಿನ ತಡಾ ಮಾಡಿ ಕೂಗ್ರಿ. ನಿಮ್ಮ ಅಲ್ಲಾ ಗಡಿಯಾರ ಹಿಡ್ಕೊಂಡು ಕುಂತಾನೇನು?" ಎಂದಳು ಮಲ್ಲಮ್ಮ.

"ಆತ ಮಾಫ್ ಮಾಡ್ತಾನವ್ವ. ಆದ್ರ ಇಲ್ಲಿ ಕುಂದ್ರಾಕಂತ ಅಜಾನ್ ಮುಂದ ಹಾಕಿದ್ರ ಮೋಸ ಆಗತೈತಿ. ಬರದು ಕೊಟ್ಟೀನಿ."

ಅಬ್ಬಾ ಮಸೀದಿಗೆ ನಡೆದರು. ಅಕ್ಕ ರೊಟ್ಟಿಯ ಬಟ್ಟೆ ಮಡಚಿದಳು. ಅಜಾನ್ ಕೇಳಿತು, ಎಲ್ಲರೂ ಎದ್ದರು. ಜೀಪು ಬಂದಾಗ ಮರದ ಕೆಳಗೆ ಒಂದು ಎಮ್ಮೆ ಮಾತ್ರ ಇತ್ತು. "ಸ್ಥಳದಲ್ಲಿ ಯಾರೂ ಇರಲಿಲ್ಲ" ಎಂದು ಅಧಿಕಾರಿ ಬರೆದುಕೊಂಡು ಹೋದರಂತೆ.

ಸಂಜೆ ಮೌಲ್ವಿ ಸಾಹೇಬರು ಮನೆಗೆ ಬಂದರು.

"ಮಾತು ಮುರಿಯೋದು ಬ್ಯಾರೆ, ಇನ್ನೊಂದು ತಾಸು ಕೊಡ್ರಿ ಅಂತ ಕೇಳೋದು ಬ್ಯಾರೆ. ಎಸ್‌ಐ ಎಲ್ಲಿದ್ದ?"

ನಾನು ನೋಡಿದ್ದೆ: ಎಸ್‌ಐ ಇಪ್ಪತ್ತು ಹೆಜ್ಜೆ ದೂರದ ಚಹಾದಂಗಡಿಯಲ್ಲಿ ಕುಳಿತಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಎಂಟನೆಯ ತರಗತಿ ಆ ತಿಂಗಳೇ ಮುಚ್ಚಿತು. ಅಕ್ಕ ಹೊಲಿಗೆ ಕಲಿತಳು. ಮೂರು ವರ್ಷದ ಮೇಲೆ, ನನ್ನ ಏಳನೆಯ ತರಗತಿ ಮುಗಿದಾಗ, ಅಬ್ಬಾ ಓಣಿಯ ರೂಢಿ ಮುರಿದು ನನ್ನನ್ನು ರಾಯಚೂರಿಗೆ, ಅಮ್ಮನ ತಂಗಿಯ ಮನೆಗೆ ಕಳಿಸಿದರು. ಆಮೇಲೆ ವರದಿಗಾರ್ತಿಯಾಗಿ ಬಹಳಷ್ಟು ಧರಣಿಗಳನ್ನು ನೋಡಿದ್ದೇನೆ. ಅನುಮತಿಯ ಹೊತ್ತು ಮುಗಿಯುವಾಗ ಯಾರಾದರೊಬ್ಬರು ಹೋಗಿ ಇನ್ನಷ್ಟು ಸಮಯ ಕೇಳುತ್ತಾರೆ. ಪೊಲೀಸರು ಸಾಮಾನ್ಯವಾಗಿ ಕೊಡುತ್ತಾರೆ.

ನಮ್ಮ ಶಾಲೆಯಲ್ಲಿ ಈಗ ಕನ್ನಡ ಮಾಧ್ಯಮ ಐದನೆಯ ತರಗತಿಯವರೆಗೆ ಮಾತ್ರ. ಅಕ್ಕನ ಮಗಳು ತೆಲುಗಿನಲ್ಲಿ ಓದುತ್ತಾಳೆ. ನಾನು ಕನ್ನಡ ಪತ್ರಿಕೆಯಲ್ಲಿ ಬರೆದದ್ದನ್ನು ಅಕ್ಕ ಅವಳಿಗೆ ಓದಿ ಹೇಳುತ್ತಾಳೆ.